ಏಕಾದಶಿಯ ಹುಣ್ಣಿಮೆ

ಪರದೆ ಒಮ್ಮೆಲೇ ಕಪ್ಪಾಯಿತು.

ನಿಶ್ಮಿತಾ ಆಗಷ್ಟೇ ನೋಟ್‌ಬುಕ್ಕಿನ ಮೊದಲ ಪುಟ ಓದಿ ಮುಗಿಸಿದ್ದಳು. 'ಮೈಸೂರು ಅಗ್ರಹಾರದ ವಕೀಲರ ಹೆಂಡತಿ ತುಂಗಾ ಎಂಬ ನಾನು ಆಷಾಢದ ಒಂದು ಬೆಳಗ್ಗೆ ಮನೆ ಬಿಟ್ಟು ಹೋಗಿ ಹಡಗು ಹತ್ತಿದೆ. ಏಕಾದಶಿಯ ದಿನ, ಉಪವಾಸದ ಬಾಯಲ್ಲೇ ಆ ದ್ವೀಪದ ದಡಕ್ಕಿಳಿದೆ. ನೀರಿನ ಮೇಲೆ ಪೂರ್ಣಚಂದ್ರ ಮೂಡಿತ್ತು. ಕಾವಲಿಗೆ ನಿಂತವರೆಲ್ಲ ಹೆಂಗಸರು...'

ಮೆಲ್ಬರ್ನಿನ ಒಂದು ಗ್ರಂಥಾಲಯದ ಚಿಕ್ಕ ಸಭಾಂಗಣದಲ್ಲಿ ನಲವತ್ತು ಜನ ಕನ್ನಡಿಗರು ಅವಳ ಭಾಷಣ ಕೇಳಲು ಕುಳಿತಿದ್ದರು. ಎಲ್ಲರೂ ತಿರುಗಿ ಹಿಂದೆ ನೋಡಿದರು.

ಪ್ರೊಜೆಕ್ಟರಿನ ಪಕ್ಕದಲ್ಲಿ ಒಬ್ಬ ಯುವಕ ನಿಂತಿದ್ದ. ಅದರ ವೈರು ಅವನ ಕೈಯಲ್ಲಿತ್ತು.

"ಕರೆಂಟು ಹೋಯ್ತಾ?" ಎಂದಳು ನಿಶ್ಮಿತಾ.

"ಇಲ್ಲ. ನಾನೇ ತೆಗ್ದೆ. ಸಾರಿ. ಆದ್ರೆ ನೀವು ಇದನ್ನ ಇಲ್ಲಿ ಓದಬಾರದು."

"ಯಾಕೆ ಓದಬಾರದು?"

"ಯಾಕಂದ್ರೆ ಇದು ಕಥೆ ಅಲ್ಲ. ಈ ತುಂಗಾ ನನ್ನ ಮುತ್ತಜ್ಜಿ. ಅವರು ನಿಜವಾಗಿಯೂ ಮನೆ ಬಿಟ್ಟು ಹೋದ್ರು. ನಮ್ಮ ತಾತನಿಗೆ ಆಗ ಐದು ವರ್ಷ."

ನಿಶ್ಮಿತಾ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದಳು. ಆದರೆ ಎಪ್ಪತ್ತಮೂರು ವರ್ಷ ಹಳೆಯ ಕಾಗದದ ಒಳಗಿಂದ ಒಬ್ಬ ಮನುಷ್ಯ ಎದ್ದು ಬಂದು ಎದುರಿಗೆ ನಿಲ್ಲುವನೆಂದು ಅವಳು ಎಣಿಸಿರಲಿಲ್ಲ.

ಅದು ಎರಡು ಸಾವಿರದ ಏಳನೆಯ ಇಸವಿ, ಆಗಸ್ಟ್ ತಿಂಗಳ ಕೊನೆ.

ನಿಶ್ಮಿತಾಗೆ ಇಪ್ಪತ್ತೊಂಬತ್ತು ವರ್ಷ. ಉಡುಪಿಯಲ್ಲಿ ಹುಟ್ಟಿ ಬೆಳೆದು, ಆರು ವರ್ಷದ ಹಿಂದೆ ತಾಯಿ ಸುಗುಣಾರೊಂದಿಗೆ ಸಿಡ್ನಿಗೆ ಬಂದವಳು. ಎಪ್ಪಿಂಗ್‌ನಲ್ಲಿ ಮನೆ, ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಬೇರೆ ಬೇರೆ ದೇಶದ ಹೆಂಗಸರು ಎಲ್ಲೂ ಇಲ್ಲದ ಊರುಗಳನ್ನು ಕಲ್ಪಿಸಿ ಕಥೆ ಬರೆದಿದ್ದರು. ಹೆಂಗಸರೇ ಆಳುವ ಊರು, ಹೆಂಗಸರು ಹೆದರದೆ ನಡೆಯುವ ಊರು. ಅಂಥ ಪುಸ್ತಕಗಳೇ ಅವಳ ಓದಿನ ವಿಷಯ. ಕನ್ನಡದಲ್ಲೂ ಒಂದು ಇರಬಾರದೇ ಎಂದು ಅವಳು ಎಷ್ಟೋ ದಿನ ದೇವರಲ್ಲಿ ಬೇಡಿದ್ದಳು. ಕೊನೆಗೆ ಅದು ಸಿಕ್ಕಿದ್ದು ಹ್ಯಾರಿಸ್ ಪಾರ್ಕ್ ಬಡಾವಣೆಯ ರಾಜಣ್ಣನ ದಿನಸಿ ಅಂಗಡಿಯಲ್ಲಿ. ಯಾರೋ ದಾನ ಕೊಟ್ಟಿದ್ದ ಹಳೆಯ ಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ ಒಂದು ನೀಲಿ ರಟ್ಟಿನ ನೋಟ್‌ಬುಕ್ಕು ಇತ್ತು.

ಅದನ್ನು ಬರೆದವಳ ಮರಿಮೊಮ್ಮಗ ಈಗ ಚಹಾದ ಮೇಜಿನ ಬಳಿ ಅವಳೆದುರು ನಿಂತಿದ್ದ. ಹೆಸರು ಶ್ರೀವತ್ಸ. ಟ್ರಾಮ್‌ಗಳ ರಿಪೇರಿ ಶೆಡ್ಡಿನಲ್ಲಿ ಎಂಜಿನಿಯರ್. ಕನ್ನಡ ಸಂಘದವರು ಪ್ರೊಜೆಕ್ಟರ್ ನೋಡಿಕೊಳ್ಳಲು ಕರೆದಿದ್ದರಂತೆ.

"ಚೆನ್ನಾಗಿ ನೋಡಿಕೊಂಡಿರಿ ಮಾರಾಯ್ರೆ," ಎಂದಳು ನಿಶ್ಮಿತಾ.

ಅವನು ನಗಲಿಲ್ಲ. "ನಮ್ಮ ಮನೇಲಿ ತುಂಗಾ ಅನ್ನೋ ಹೆಸರು ಯಾರೂ ಎತ್ತಲ್ಲ. ನಂಗೆ ಗೊತ್ತಾಗಿದ್ದೇ ನಮ್ಮಜ್ಜಿ ಸಾಯೋ ಮುಂಚೆ ಹೇಳಿದ್ರಿಂದ. ಮುತ್ತಾತನ ಕೈಗೆ ಈ ನೋಟ್‌ಬುಕ್ ಸಿಕ್ತಂತೆ. ಆ ವಾರವೇ ಅವರು ಹೊರಟುಹೋದ್ರಂತೆ. ಯಾರದೋ ಜೊತೆ, ಹಡಗಿನಲ್ಲಿ."

"ಯಾರು ನೋಡಿದ್ದು?"

"ಏನು?"

"ಹಡಗು ಹತ್ತಿದ್ದನ್ನು ಯಾರು ನೋಡಿದ್ದು?"

ಆ ಪ್ರಶ್ನೆಯನ್ನು ಶ್ರೀವತ್ಸನ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ನಮ್ಮ ತಾತ ವರ್ಷಾ ವರ್ಷ ಮಹಾಲಯ ಅಮಾವಾಸ್ಯೆಗೆ ತರ್ಪಣ ಬಿಡ್ತಾರೆ," ಎಂದ ಅವನು ಮೆಲ್ಲಗೆ. "ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲರ ಹೆಸರೂ ಹೇಳ್ತಾರೆ. ಅಮ್ಮ ಅಂತ ಬಂದಾಗ ಮಲತಾಯಿ ಹೆಸರು ಹೇಳ್ತಾರೆ. ಹೆತ್ತವಳ ಹೆಸರು ಇಲ್ಲ. ಎಳ್ಳು ನೀರು ಇಲ್ಲ."

ನಿಶ್ಮಿತಾ ಚಹಾದ ಕಪ್ಪನ್ನು ಮೇಜಿನ ಮೇಲೆ ಇಟ್ಟಳು.

ಒಂದು ಕಥೆ ಬರೆದದ್ದಕ್ಕೆ ಒಬ್ಬಳು ತಾಯಿ ಸತ್ತ ಮೇಲೂ ಹಸಿದಿರಬೇಕೇ?

"ಕೇಳಿ. ಇಂಥ ಪುಸ್ತಕ ಬರೆದವರು ಎಷ್ಟೋ ಸಲ ತಮ್ಮ ಹೆಸರಿನಲ್ಲೇ ಬರೆಯುತ್ತಿದ್ದರು. ನಾನು ಹೋದೆ, ನಾನು ಕಂಡೆ ಅಂತ. ಅದು ಬರೆಯುವ ರೀತಿ, ಅಷ್ಟೇ. ಇದು ನಡೆದದ್ದಲ್ಲ ಅಂತ ತಿಳಿಯಲಿಕ್ಕೆ ಒಳಗೆ ಎಲ್ಲೋ ಒಂದು ಗುರುತು ಇಡುತ್ತಿದ್ದರು. ನಡೆಯಲಿಕ್ಕೆ ಸಾಧ್ಯವೇ ಇಲ್ಲದ ಒಂದು ಸಂಗತಿ."

"ಇದರಲ್ಲಿ ಆ ಗುರುತು ಇದ್ಯಾ?"

"ನಾಲ್ಕು ಸಲ ಓದಿದ್ದೇನೆ. ಇನ್ನೂ ಸಿಗಲಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಸುಳ್ಳು ಹೇಳಿ ಪಾರಾಗಬಹುದಾಗಿದ್ದ ಕಡೆ ಅವಳು ನಿಜ ಹೇಳಿದ್ದಳು.

"ನಂಗೆ ಕನ್ನಡ ಮಾತಾಡೋಕೆ ಬರತ್ತೆ, ಓದೋಕೆ ಬರಲ್ಲ. ಎಂಟನೇ ವಯಸ್ಸಿಗೇ ಇಲ್ಲಿಗೆ ಬಂದ್ಬಿಟ್ಟೆ. ನೀವು ಫೋನಲ್ಲಿ ಓದಿ ಹೇಳಿ. ಆ ಗುರುತು ಸಿಕ್ಕಿದ್ರೆ ನಾನೇ ತಾತನಿಗೆ ಹೇಳ್ತೀನಿ. ಅಲ್ಲೀವರೆಗೂ ಈ ಹೆಸರು ಅವರ ಕಿವಿಗೆ ಬೀಳಬಾರದು. ಪ್ರಾಮಿಸ್?"

"ದೇವರಾಣೆ," ಎಂದಳು ನಿಶ್ಮಿತಾ. ಅವಳಿಗೆ ಆಣೆ ಇಟ್ಟು ಅಭ್ಯಾಸವಿರಲಿಲ್ಲ. ಆ ದಿನ ಬಾಯಿಂದ ತಾನಾಗಿ ಬಂತು.

ಆ ಮೇಲೆ ಸೆಪ್ಟೆಂಬರ್ ಇಡೀ ತಿಂಗಳು, ಸಂಜೆ ಏಳಕ್ಕೆ, ಸಿಡ್ನಿಯಿಂದ ಮೆಲ್ಬರ್ನಿಗೆ ಫೋನು ಹೋಯಿತು.

ನಿಶ್ಮಿತಾ ಎರಡೋ ಮೂರೋ ಪುಟ ಓದುವಳು. ಶ್ರೀವತ್ಸ ಶೆಡ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತು ಕೇಳುವನು. ನಡುನಡುವೆ ಟ್ರಾಮಿನ ಗಂಟೆ ಕೇಳಿಸುವುದು.

ತುಂಗಮ್ಮನ ದ್ವೀಪದಲ್ಲಿ ವಿಧವೆಯರು ಹೂ ಮುಡಿಯುತ್ತಿದ್ದರು. ಹೆಣ್ಣುಮಕ್ಕಳು ದೂರದರ್ಶಕ ಹಿಡಿದು ನಕ್ಷತ್ರ ಎಣಿಸುತ್ತಿದ್ದರು. ಹಗಲು ದುಡಿದವರ ಕಾಲು ಒತ್ತಲು ಪಾಳಿ ಇತ್ತು. ಆ ಊರಿಗೆ ಇದ್ದ ಕಾನೂನುಗಳಲ್ಲಿ ಮೊದಲನೆಯದು ಇದು: 'ಹೆಂಗಸು ಊಟಕ್ಕೆ ಕುಳಿತಾಗ ಯಾರೂ ಅವಳನ್ನು ಕರೆಯತಕ್ಕದ್ದಲ್ಲ. ಅವಳ ಅನ್ನ ಬಿಸಿಯಾಗಿರತಕ್ಕದ್ದು.'

ಅದನ್ನು ಓದಿದ ಮೇಲೆ ಆ ಕಡೆಯಿಂದ ಟ್ರಾಮಿನ ಗಂಟೆ ಮಾತ್ರ ಕೇಳಿಸಿತು.

"ಹಲೋ? ಇದ್ದೀರಾ ಲೈನಿನಲ್ಲಿ?"

"ಇದೀನಿ. ನಮ್ಮಮ್ಮ ಬಿಸಿ ಊಟ ಮಾಡಿದ್ದು ನಂಗೆ ನೆನಪೇ ಇಲ್ಲ. ಅದನ್ನೇ ಯೋಚನೆ ಮಾಡ್ತಿದ್ದೆ."

ಅವನ ತಂದೆ ತೀರಿಕೊಂಡಿದ್ದರು. ತಾಯಿ ಮಗಳ ಬಾಣಂತನಕ್ಕೆ ಪರ್ತ್ ನಗರಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಅವನು ಮತ್ತು ತಾತ ವೆಂಕಟರಾಮಯ್ಯ, ಇಬ್ಬರೇ.

"ನಿಮ್ಮ ಕಡೆ ಮನೆ, ಆಸ್ತಿ ಎಲ್ಲ ತಾಯಿ ಕಡೆಯಿಂದ ಬರತ್ತಂತಲ್ಲ?" ಎಂದು ಇನ್ನೊಂದು ದಿನ ಕೇಳಿದ. "ಹಾಗಾದ್ರೆ ಉಡುಪಿಯೇ ಆ ದ್ವೀಪ."

"ಎಂತ ದ್ವೀಪ ಮಾರಾಯ್ರೆ? ಆಸ್ತಿ ಅಮ್ಮನದ್ದು, ಹೆಸರು ಅಜ್ಜಿದ್ದು, ಯಜಮಾನಿಕೆ ಮಾತ್ರ ಸೋದರಮಾವನದ್ದು. ಬೀಗದ ಕೈ ಯಾರ ಸೊಂಟದಲ್ಲಿ ಉಂಟು ಅಂತ ನೋಡಬೇಕು."

ಅವನು ಜೋರಾಗಿ ನಕ್ಕ. ಆ ನಗು ಕಿವಿಯಿಂದ ಎದೆಗೆ ಇಳಿದದ್ದು ನಿಶ್ಮಿತಾಗೆ ತಿಳಿಯಿತು. ಫೋನು ಇಟ್ಟ ಮೇಲೂ ಅವಳು ಅದರ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದಳು.

"ಆ ಹುಡುಗನಿಗೆ ಪುಸ್ತಕ ಓದಿ ಹೇಳುವುದಾ, ಅಲ್ಲ ಪುಸ್ತಕದ ನೆಪವಾ?" ಎಂದರು ಸುಗುಣಾ, ಒಲೆಯ ಮುಂದಿನಿಂದ.

"ಅಮ್ಮಾ, ಸುಮ್ಮನಿರಿ."

"ನಾನು ಸುಮ್ಮನೇ ಇದ್ದೇನೆ. ಏಳು ಗಂಟೆಗೆ ತಲೆ ಬಾಚಿ ಫೋನಿಗೆ ಕೂರುವವಳು ನೀನು."

ನಿಶ್ಮಿತಾ ಮುಖ ತಿರುಗಿಸಿಕೊಂಡಳು. ಆ ಮನೆಯವರ ಗಾಯದ ಮೇಲೆ ಕೈಯಿಟ್ಟು, ಅದೇ ಮನೆಯ ಹುಡುಗನನ್ನು ಇಷ್ಟಪಡುವುದು ಸರಿಯೇ? ಇದು ದೈವಚಿತ್ತವೋ ತನ್ನ ಸ್ವಾರ್ಥವೋ?

ನೋಟ್‌ಬುಕ್ಕು ಅರ್ಧಕ್ಕೆ ಬಂದಿತ್ತು. ಅಮಾವಾಸ್ಯೆಗೆ ಆರು ದಿನ ಉಳಿದಿತ್ತು. ಆಗ ಒಂದು ಮಧ್ಯಾಹ್ನ ಅವನೇ ಫೋನು ಮಾಡಿದ.

"ನೀವು ದೇವರಾಣೆ ಅಂದಿದ್ರಿ."

ಅವನ ಧ್ವನಿ ಕೇಳಿ ಅವಳಿಗೆ ಗಾಬರಿಯಾಯಿತು. "ಎಂತ ಆಯ್ತು?"

"ಕನ್ನಡ ಸಂಘದ ಪತ್ರಿಕೆ ಪೋಸ್ಟಲ್ಲಿ ಬಂತು. ನಿಮ್ಮ ಫೋಟೋ ಇದೆ. ನೀವೇ ಬರೆದಿರೋ ನಾಲ್ಕು ಸಾಲು ಇದೆ. ಮೈಸೂರಿನ ತುಂಗಾ, ಮನೆ ತೊರೆದ ಕಥೆ ಅಂತ. ತಾತನೇ ಕವರ್ ಒಡೆದ್ರು."

ಭಾಷಣಕ್ಕೆ ಎರಡು ವಾರ ಮೊದಲೇ ಸಂಘದವರು ಸಾರಾಂಶ ಕೇಳಿದ್ದರು, ಅವಳು ಕಳಿಸಿದ್ದಳು. ಅದು ಅಚ್ಚಾಗುವುದೆಂದು ಗೊತ್ತಿತ್ತು. ಆಣೆ ಇಡುವಾಗ ಅದರ ನೆನಪು ಒಂದು ಕ್ಷಣವೂ ಬಂದಿರಲಿಲ್ಲ.

"ಶ್ರೀವತ್ಸ, ಅದು ನಾನು ಮೊದಲೇ..."

"ತಾತ ಏನೂ ಮಾತಾಡ್ಲಿಲ್ಲ. ದೇವರ ಮನೆ ಬಾಗಿಲು ಹಾಕಿದ್ರು. ಈ ಸಲ ತರ್ಪಣವೇ ಬಿಡಲ್ಲ ಅಂತಾರೆ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದವನ ಕೈ ನೀರು ಪಿತೃಗಳಿಗೆ ಬೇಡ ಅಂತಾರೆ. ಎಪ್ಪತ್ತೆಂಟು ವರ್ಷ ಅವರಿಗೆ. ನಿನ್ನೆಯಿಂದ ಊಟ ಮಾಡಿಲ್ಲ."

"ನಾನು ಬಂದು..."

"ಬೇಡ. ನೀವು ಓದಿದ್ದು ಸಾಕು."

ಫೋನು ಕಟ್ ಆಯಿತು.

ಆ ಸಂಜೆ ಏಳು ಗಂಟೆಗೆ ಅವಳು ಕರೆ ಮಾಡಿದಳು. ಅವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ನಿಶ್ಮಿತಾ ದೇವರ ಮುಂದೆ ದೀಪ ಹಚ್ಚಿ ಕುಳಿತಳು. ಅಳು ಬರಲಿಲ್ಲ, ಬರೀ ನಾಚಿಕೆಯಾಯಿತು. ತನ್ನ ಪಿಎಚ್‌ಡಿಗೆ ಒಂದು ಅಧ್ಯಾಯ ಬೇಕಿತ್ತು. ಆ ಅಧ್ಯಾಯದಲ್ಲಿ ಒಬ್ಬ ಮಗ ಇದ್ದಾನೆಂದು ಅವಳು ನೆನೆದೇ ಇರಲಿಲ್ಲ. ಎಪ್ಪತ್ತಮೂರು ವರ್ಷದ ಹಿಂದೆ ಒಂದು ಹೆಸರನ್ನು ಮನೆಯಿಂದ ಹೊರಗೆ ಹಾಕಿದ್ದರು. ಈಗ ತಾನು ಆ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದ ಹಾಗಾಯಿತಲ್ಲ...

"ಆ ಹೆಂಗಸು ಆಮೇಲೆ ಎಲ್ಲಿಗೆ ಹೋದಳು ಅಂತ ನೀನು ಯಾರನ್ನಾದರೂ ಕೇಳಿದ್ದೀಯಾ?" ಎಂದರು ಸುಗುಣಾ.

ನಿಶ್ಮಿತಾ ತಲೆ ಎತ್ತಿದಳು. ಹಡಗು ಹತ್ತಿದ್ದನ್ನು ಯಾರು ನೋಡಿದ್ದು ಎಂದು ಶ್ರೀವತ್ಸನನ್ನು ಕೇಳಿದ್ದವಳು, ಪೆಟ್ಟಿಗೆ ಕೊಟ್ಟವರು ಯಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಹ್ಯಾರಿಸ್ ಪಾರ್ಕಿನ ರಾಜಣ್ಣ ಒಂದು ಕ್ಷಣ ಯೋಚಿಸಿ ಹೇಳಿದ, "ಅದಾ? ನಮ್ಮ ಪುಟ್ಟಮ್ಮಜ್ಜಿದು. ಸ್ಟೇಷನ್ ಹಿಂದಿನ ಫ್ಲ್ಯಾಟ್‌ನಲ್ಲಿ ಮಗಳ ಜೊತೆ ಇದಾರೆ. ಹೋಗಿ ಮಾತಾಡ್ಸಿ, ಕಿವಿ ಮಾತ್ರ ಸ್ವಲ್ಪ ಮಂದ."

ಪುಟ್ಟಮ್ಮನಿಗೆ ಎಂಬತ್ತನಾಲ್ಕು. ನೋಟ್‌ಬುಕ್ಕು ಕಂಡ ಕೂಡಲೇ ಎರಡೂ ಕೈ ಚಾಚಿದರು.

"ತುಂಗತ್ತೇದು. ನಮ್ಮ ಯಜಮಾನರ ಸೋದರತ್ತೆ. ನಾನು ಸೊಸೆಯಾಗಿ ಬರೋ ಹೊತ್ತಿಗೆ ಅವರು ಹೋಗಿದ್ರು. ನಮ್ಮತ್ತೆ ಹೇಳೋರು."

"ಎಲ್ಲಿ ಹೋಗಿದ್ದರು ಅಜ್ಜಿ?" ಎಂದು ನಿಶ್ಮಿತಾ ಗಟ್ಟಿಯಾಗಿ ಕೇಳಿದಳು.

"ಸತ್ತು ಹೋಗಿದ್ರಮ್ಮ. ಚನ್ನಪಟ್ಟಣದಲ್ಲಿ, ತಮ್ಮನ ಮನೇಲಿ. ಈ ನೋಟ್‌ಬುಕ್ ಸಮೇತ ಗಂಡ ಹೊರಗೆ ಹಾಕಿದ್ಮೇಲೆ ಮೂರು ವರ್ಷ ಅಲ್ಲೇ ಇದ್ರು. ಮೈಸೂರು ರೈಲು ಬರೋ ಹೊತ್ತಿಗೆ ದಿನಾ ಸ್ಟೇಷನ್ನಿಗೆ ಹೋಗಿ ನಿಲ್ಲೋರಂತೆ. ಮಗನ್ನ ಯಾರಾದ್ರೂ ಕರ್ಕೊಂಡು ಬರ್ತಾರೇನೋ ಅಂತ."

ಮೈಸೂರಿಗೂ ಚನ್ನಪಟ್ಟಣಕ್ಕೂ ಐವತ್ತು ಮೈಲಿ. ಹಡಗೂ ಇಲ್ಲ, ಸಮುದ್ರವೂ ಇಲ್ಲ. ಐವತ್ತು ಮೈಲಿ ರೈಲುಹಳಿ, ಅಷ್ಟೇ.

ಅಮಾವಾಸ್ಯೆಯ ಹಿಂದಿನ ದಿನ ಬೆಳಗಿನ ವಿಮಾನಕ್ಕೆ ಅವಳು ಮೆಲ್ಬರ್ನಿಗೆ ಹೋದಳು. ಶ್ರೀವತ್ಸನಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಬೇಡ ಎನ್ನುತ್ತಿದ್ದ. ವಿಳಾಸ ಸಂಘದ ಪುಸ್ತಕದಲ್ಲಿತ್ತು.

ಬಾಗಿಲು ತೆರೆದವರು ವೆಂಕಟರಾಮಯ್ಯನವರೇ. ಬಿಳಿ ಪಂಚೆ, ಬರಿ ಹಣೆ, ತೆಳ್ಳಗಿನ ಮೈ. ಪತ್ರಿಕೆಯ ಫೋಟೋದಿಂದ ಅವಳ ಗುರುತು ಹಿಡಿದರು.

"ನೀನಾ? ಹೋಗಮ್ಮ. ನಿನಗೆ ನನ್ನ ಹತ್ರ ಏನು ಕೆಲಸ?"

"ನಿಮ್ಮ ತಾಯಿಯ ಪುಸ್ತಕ ನಿಮಗೆ ಕೊಡಲಿಕ್ಕೆ ಬಂದೆ. ಕೊಟ್ಟು ಹೋಗುತ್ತೇನೆ."

ತಾಯಿ ಎಂಬ ಮಾತು ಕೇಳಿ, ಬಾಗಿಲು ಮುಚ್ಚುತ್ತಿದ್ದ ಮುದುಕರು ಅದನ್ನು ಮತ್ತೆ ತೆರೆದರು. ಎಪ್ಪತ್ತಮೂರು ವರ್ಷದಲ್ಲಿ ಹೆತ್ತವಳನ್ನು ಕುರಿತು ಅವರೆದುರು ಯಾರೂ ಆ ಮಾತು ಆಡಿರಲಿಲ್ಲ.

"ಒಳಗೆ ಬಾ," ಎಂದರು.

ನಿಶ್ಮಿತಾ ಚನ್ನಪಟ್ಟಣದ ವಿಷಯ ಹೇಳಿದಳು. ಸ್ಟೇಷನ್ನಿನ ವಿಷಯವನ್ನೂ ಹೇಳಿದಳು. ಮುದುಕರು ಕಣ್ಣು ಮುಚ್ಚಿಕೊಂಡು ಕೇಳಿದರು. ಆದರೆ ಮುಖ ಸಡಿಲವಾಗಲಿಲ್ಲ.

"ಎಲ್ಲಿ ಹೋಗಿ, ಯಾವಾಗ ಅಲ್ಲಿಗೆ ಬಂದು ಸೇರಿದಳೋ. ಹೋದದ್ದು ಹೋದದ್ದೇ. ಅವಳ ಕೈ ಬರಹದಲ್ಲೇ ಇದೆ ಅಂತ ನಮ್ಮಪ್ಪ ಹೇಳಿದ್ರು. ಹಡಗು ಹತ್ತಿದೆ ಅಂತ ಬರೆದಿದಾಳೆ."

"ನೀವು ಓದಿದ್ದೀರಾ?"

"ಅದನ್ನ ನಾನು ಕಣ್ಣಿಂದಲೂ ನೋಡಿಲ್ಲ."

"ಈಗ ಕೇಳಿ. ಒಂದೇ ಪುಟ. ಆಮೇಲೆ ನಾನು ಹೋಗುತ್ತೇನೆ."

ಅವರು ಬೇಡ ಎನ್ನಲಿಲ್ಲ. ಅವಳು ನೀಲಿ ರಟ್ಟು ತೆರೆದಳು. ಸಭೆಯಲ್ಲಿ ಓದಿದ, ಫೋನಿನಲ್ಲಿ ಓದಿದ ಅದೇ ಪುಟ.

"'ಆಷಾಢದ ಒಂದು ಬೆಳಗ್ಗೆ ಮನೆ ಬಿಟ್ಟು ಹೋಗಿ ಹಡಗು ಹತ್ತಿದೆ. ಏಕಾದಶಿಯ ದಿನ, ಉಪವಾಸದ ಬಾಯಲ್ಲೇ ಆ ದ್ವೀಪದ ದಡಕ್ಕಿಳಿದೆ. ನೀರಿನ ಮೇಲೆ ಪೂರ್ಣಚಂದ್ರ ಮೂಡಿತ್ತು...'"

"ನಿಲ್ಲು."

ನಿಶ್ಮಿತಾ ನಿಲ್ಲಿಸಿದಳು.

"ಇನ್ನೊಂದ್ಸಲ ಓದು."

ಓದಿದಳು.

"ಏಕಾದಶಿ ದಿನ ಪೂರ್ಣಚಂದ್ರ ಎಲ್ಲಿಂದ ಬಂತಮ್ಮ? ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇರತ್ತೆ."

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. ನಾಲ್ಕು ಸಲ ಓದಿದ್ದಳು. ನಲವತ್ತು ಜನ ಕೇಳಿದ್ದರು. ಯಾರಿಗೂ ಹೊಳೆದಿರಲಿಲ್ಲ.

"ತಪ್ಪಿ ಬರೆದಿರಬಹುದಾ?" ಎಂದು ಅವಳೇ ಅನುಮಾನದಿಂದ ಕೇಳಿದಳು.

"ನಮ್ಮಮ್ಮನಾ?" ಮುದುಕರ ಧ್ವನಿ ಇದ್ದಕ್ಕಿದ್ದಂತೆ ಮಗುವಿನದಾಯಿತು. "ನಮ್ಮಮ್ಮ ತಿಥಿ ತಪ್ಪೋದಾ? ನಾಲ್ಕನೇ ವಯಸ್ಸಿಗೆ ಬೆರಳು ಹಿಡಿದು ಎಣಿಸಿ ಹದಿನೈದು ತಿಥಿ ಬಾಯಿಪಾಠ ಮಾಡಿಸಿದವಳು ಅವಳು. ಜಗುಲಿ ಮೇಲೆ ಕೂತು, ರಾಮೂ, ಇವತ್ತು ಚಂದ್ರ ಎಷ್ಟು ದೋಸೆ ತಿಂದಿದಾನೆ ಹೇಳು ಅನ್ನೋಳು. ಅವಳು ತಪ್ಪಲ್ಲ. ಬೇಕು ಅಂತಲೇ ಬರೆದಿದಾಳೆ."

ಅಷ್ಟು ಹೇಳಿ ಅವರು ತಟ್ಟನೆ ಮಾತು ನಿಲ್ಲಿಸಿದರು. ತಮ್ಮ ಬಾಯಿಂದಲೇ ಬಂದ ಮಾತು ತಮಗೇ ಕೇಳಿಸಿದಂತಿತ್ತು.

"ಹಾಗಾದ್ರೆ... ಇದು ನಡೆದದ್ದಲ್ಲ."

"ಅಲ್ಲ," ಎಂದಳು ನಿಶ್ಮಿತಾ. ಅವಳ ಕಣ್ಣು ತುಂಬಿತ್ತು. "ಅದೇ ಗುರುತು. ಮೊದಲ ಪುಟದಲ್ಲೇ ಇಟ್ಟಿದ್ದಾರೆ. ಪಂಚಾಂಗ ಬಲ್ಲವರು ಯಾರೇ ಓದಿದರೂ ಇದು ಕಥೆ ಅಂತ ತಿಳಿಯಲಿ ಅಂತ."

"ನಮ್ಮಪ್ಪನಿಗೆ ದಿನಾ ಬೆಳಗ್ಗೆ ಪಂಚಾಂಗ ನೋಡದೆ ಕಾಫಿ ಇಳೀತಿರ್ಲಿಲ್ಲ..."

ಪಂಚಾಂಗ ಅವರ ಕೈಯಲ್ಲೇ ಇತ್ತು. ಆದರೆ ಕೋಪ ಬಂದವರಿಗೆ ಆ ಚಂದ್ರ ಕಾಣಿಸಲಿಲ್ಲ.

ಬಾಗಿಲ ಬಳಿ ಸದ್ದಾಯಿತು. ಶ್ರೀವತ್ಸ ಮಧ್ಯಾಹ್ನ ತಾತನಿಗೆ ಊಟ ಮಾಡಿಸಲು ಬಂದವನು, ಕೈಯಲ್ಲಿ ಬೀಗದ ಕೈ ಹಿಡಿದು ಹಾಗೇ ನಿಂತಿದ್ದ. ಎಷ್ಟು ಹೊತ್ತಿನಿಂದ ಅಲ್ಲಿದ್ದನೋ.

"ತಾತ..."

"ಕೂತ್ಕೋ ವತ್ಸ. ಮುಂದೆ ಓದಮ್ಮ. ಪೂರ್ತಿ ಓದು."

ಅವಳು ಓದಿದಳು. ಹೂ ಮುಡಿದ ವಿಧವೆಯರು, ನಕ್ಷತ್ರ ಎಣಿಸುವ ಹುಡುಗಿಯರು, ಬಿಸಿ ಅನ್ನದ ಕಾನೂನು. ಕೊನೆಗೆ ಶ್ರೀವತ್ಸ ಇನ್ನೂ ಕೇಳದಿದ್ದ ಪುಟಗಳು ಬಂದವು.

"'ಇಷ್ಟು ದಿನ ಮುಚ್ಚಿಟ್ಟ ಒಂದು ಮಾತನ್ನು ಈಗ ಹೇಳುತ್ತೇನೆ. ನಾನು ಆ ದ್ವೀಪಕ್ಕೆ ಒಬ್ಬಳೇ ಬಂದಿರಲಿಲ್ಲ. ಗಂಡುಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲವೆಂದು ತಿಳಿದು, ಐದು ವರ್ಷದ ಒಬ್ಬನನ್ನು ಸೆರಗಿನ ಮರೆಯಲ್ಲಿ ತಂದಿದ್ದೆ. ಒರಳುಕಲ್ಲಿಗೆ ತಾಗಿ ಅವನ ಎಡಹುಬ್ಬಿನ ಮೇಲೆ ಆದ ಗಾಯ ಇನ್ನೂ ಮಾಯ್ದಿರಲಿಲ್ಲ. ಕಾವಲಿನವರು ಅವನನ್ನು ಕಂಡು ಸಭೆ ಸೇರಿಸಿದರು. ಅವನನ್ನು ಬಿಟ್ಟು ನೀನು ಮಾತ್ರ ಇರಬಹುದು ಎಂದರು. ಹಾಗಾದರೆ ನನಗೆ ನಿಮ್ಮ ದ್ವೀಪವೇ ಬೇಡ ಎಂದೆ...'"

ಓದುತ್ತಿದ್ದ ನಿಶ್ಮಿತಾ ತಲೆ ಎತ್ತಿದಳು.

ವೆಂಕಟರಾಮಯ್ಯನವರ ಬೆರಳು ತಮ್ಮ ಎಡಹುಬ್ಬಿನ ಮೇಲಿತ್ತು. ಬಿಳಿ ಕೂದಲ ನಡುವೆ ಒಂದು ಹಳೆಯ ಗೆರೆ.

ಆ ಹುಡುಗ ಹೊಸ ಕಾಲದ ಸಂಕೇತವೆಂದು ಅವಳು ಪ್ರಬಂಧದಲ್ಲಿ ಎರಡು ಪುಟ ಬರೆದಿದ್ದಳು. ಆ ಸಂಕೇತ ಈಗ ಪಂಚೆಯುಟ್ಟು ಎದುರಿಗೆ ಕುಳಿತು ಅಳುತ್ತಿತ್ತು.

"ಬಿಟ್ಟು ಹೋದಳು ಅಂತ ತಿಳ್ಕೊಂಡಿದ್ದೆ," ಎಂದರು ಅವರು. "ಕಥೇಲೂ ಅವಳು ನನ್ನ ಬಿಟ್ಟು ಹೋಗಲಿಲ್ಲ... ಸಭೆ ಏನಂತು? ಓದು."

"'ಸಭೆ ಹೇಳಿತು, ಹುಡುಗ ಇರಲಿ. ಅನ್ನ ಮಾಡುವುದನ್ನು ಕಲಿಯಲಿ. ಹೆಂಗಸರು ಉಣ್ಣುವಾಗ ಕರೆಯದಿರುವುದನ್ನು ಕಲಿಯಲಿ.' ಅಷ್ಟೇ. ಆಮೇಲೆ ಪುಟ ಖಾಲಿ ಉಂಟು."

ಆಮೇಲೆ ಮುದುಕರು ಎದ್ದು ಹೋಗಿ ದೇವರ ಮನೆಯ ಬಾಗಿಲು ತೆರೆದರು.

"ವತ್ಸ, ಮನೇಲಿ ಎಳ್ಳು ಇದ್ಯೇನೋ?"

"ಇದೆ ತಾತ."

"ದರ್ಭೆ?"

"ತರ್ತೀನಿ."

ಮರುದಿನ ಮಹಾಲಯ ಅಮಾವಾಸ್ಯೆ. ಶ್ರೀವತ್ಸ ರಜೆ ಹಾಕಿದ್ದ. ಮನೆಯ ಹಿಂದಿನ ಹುಲ್ಲಿನ ಅಂಗಳದಲ್ಲಿ, ನಿಂಬೆ ಗಿಡದ ಪಕ್ಕ, ವೆಂಕಟರಾಮಯ್ಯನವರು ತಾಮ್ರದ ತಟ್ಟೆ ಇಟ್ಟುಕೊಂಡು ಕುಳಿತರು. ತಂದೆಯ ಹೆಸರು ಹೇಳುವಾಗ ಒಂದು ಕ್ಷಣ ತಡೆದರು. ಕ್ಷಮಿಸಿದರೋ, ಕ್ಷಮಿಸುವ ಶಕ್ತಿ ಬೇಡಿದರೋ, ದೇವರಿಗೆ ಗೊತ್ತು. ಆ ಹೆಸರನ್ನೂ ಹೇಳಿದರು.

ತಾಯಿಯ ಸರದಿ ಬಂತು.

ಅವರು ಗೋತ್ರ ಹೇಳಿದರು. ಆಮೇಲೆ ಸ್ಪಷ್ಟವಾಗಿ, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನಂತೆ, ತುಂಗಾ ಎಂದರು. ಎಳ್ಳುನೀರು ಬೆರಳ ಸಂದಿನಿಂದ ತಟ್ಟೆಗೆ ಬಿತ್ತು. ಮೂರು ಸಲ.

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ನಿಶ್ಮಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ದಿನ ಮುದುಕರು ಅವಳನ್ನು ಹೋಗಗೊಟ್ಟಿರಲಿಲ್ಲ. ಪಕ್ಕದ ಬೀದಿಯ ಪರಿಚಯದವರ ಮನೆಯಲ್ಲಿ ಮಲಗಿ ಬೆಳಗ್ಗೆ ಬಂದಿದ್ದಳು.

"ಕೆಲಸ ಮುಗೀತು, ನಾನು ಹೊರಡುತ್ತೇನೆ," ಎಂದಳು ಅವಳು, ಒಳಗೆ ಬಂದ ಶ್ರೀವತ್ಸನಿಗೆ. "ಪತ್ರಿಕೆಯದ್ದು ನನ್ನದೇ ತಪ್ಪು. ಆಣೆ ಇಡುವ ಮೊದಲೇ ಕಳಿಸಿದ್ದೆ, ಹಿಂದೆ ತೆಗೆದುಕೊಳ್ಳಲಿಕ್ಕೆ ಮರೆತೆ. ನಿಮ್ಮ ತಾತ ಒಪ್ಪದಿದ್ದರೆ ಈ ನೋಟ್‌ಬುಕ್ಕಿನ ಅಧ್ಯಾಯವನ್ನು ನನ್ನ ಪ್ರಬಂಧದಿಂದ ತೆಗೆಯುತ್ತೇನೆ."

"ತಾತ ಆಗಲೇ ಹೇಳಿದ್ರು. ಅಚ್ಚು ಹಾಕಿಸಿ, ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿಸಿ ಅಂತ." ಅವನು ಒಂದು ಕ್ಷಣ ತಡೆದ. "ನಾನು ಫೋನ್ ಎತ್ತಬೇಕಿತ್ತು, ನಿಶ್ಮಿತಾ. ನಮ್ಮ ಮುತ್ತಾತ ಮಾಡಿದ್ದನ್ನೇ ನಾನೂ ಮಾಡ್ದೆ. ಪೂರ್ತಿ ಕೇಳದೇನೆ ಬಾಗಿಲು ಹಾಕ್ದೆ."

ಅವಳು ಚೀಲ ಕೈಗೆತ್ತಿಕೊಂಡಳು.

"ಕೂತ್ಕೊಳ್ಳಿ. ಊಟ ಮಾಡದೆ ಹೋಗೋ ಹಾಗಿಲ್ಲ. ನಾನೇ ಮಾಡಿದ್ದು. ಪಾಯಸ ಸ್ವಲ್ಪ ತಳ ಹಿಡಿದಿದೆ."

"ಮೊದಲು ನಿಮ್ಮ ತಾತ..."

"ತಾತನ ಅಪ್ಪಣೆಯೇ ಇದು," ಎಂದರು ವೆಂಕಟರಾಮಯ್ಯನವರು ಹೊರಗಿನಿಂದ. "ಈ ಮನೇಲಿ ಇವತ್ತಿಂದ ಹೆಣ್ಣುಮಕ್ಕಳ ಎಲೆಗೆ ಮೊದಲು ಬಡಿಸೋದು."

ಅವಳು ಕುಳಿತಳು. ಅವನು ಬಡಿಸಿದ. ಅನ್ನದ ಹಬೆ ಮುಖಕ್ಕೆ ಬಡಿಯಿತು. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಎದ್ದೇಳಲು ಹೋದಳು. ಅವನು ಕೈಸನ್ನೆಯಿಂದ ತಡೆದು ತಾನೇ ಎತ್ತಿದ.

"ಆಂಟಿ, ನಮಸ್ಕಾರ. ಅವರು ಊಟ ಮಾಡ್ತಿದಾರೆ. ಮುಗಿದ್ಮೇಲೆ ಮಾಡ್ತಾರೆ."

ಆ ಕಡೆಯಿಂದ ಸುಗುಣಾರ ದನಿ ಅವಳಿಗೂ ಕೇಳಿಸಿತು. "ಯಾರು, ಏಳು ಗಂಟೆಯ ಹುಡುಗನಾ? ಆಯ್ತು ಮಗ, ಅವಳು ನಿಧಾನ ಉಣ್ಣಲಿ."

ನಿಶ್ಮಿತಾಳ ಕಿವಿ ಕೆಂಪಾಯಿತು. ಶ್ರೀವತ್ಸ ಫೋನನ್ನು ದೂರ ಇಟ್ಟು ಅವಳೆದುರು ಮಣೆ ಹಾಕಿಕೊಂಡು ಕುಳಿತ.

"ನಿಶ್ಮಿತಾ."

"ಊಟ ಮಾಡುವಾಗ ಕರೆಯಬಾರದು ಅಂತ ಕಾನೂನು ಉಂಟಲ್ಲ."

"ಕರೀತಿಲ್ಲ. ಇಲ್ಲೇ ಇರಿ ಅಂತ ಕೇಳ್ತಿದೀನಿ. ಇವತ್ತಿಗೆ ಮಾತ್ರ ಅಲ್ಲ."

ಅವಳ ಕೈ ಎಲೆಯ ಮೇಲೆ ನಿಂತಿತು. ಎಷ್ಟೋ ದಿನದಿಂದ ಸಂಜೆ ಏಳಕ್ಕೆ ಕಾದಿದ್ದ ಮಾತು, ಮಧ್ಯಾಹ್ನ ಒಂದಕ್ಕೆ, ಸಾರಿನ ಪಾತ್ರೆಯ ಮುಂದೆ ಬಂದಿತ್ತು. ಅವಳು ಕಣ್ಣೊರೆಸಿಕೊಂಡಳು.

"ನನ್ನಮ್ಮನ ಹತ್ತಿರ ನೀವೇ ಹೇಳಬೇಕು."

"ಹೇಳ್ತೀನಿ."

"ಓದಲಿಕ್ಕೆ ಕಲಿಯಬೇಕು. ಮುತ್ತಜ್ಜಿಯ ಅಕ್ಷರ ನಾನು ಓದಿ, ನೀವು ಕೇಳಿ, ಎಷ್ಟು ದಿನ?"

"ಕಲಿಸಿದ್ರೆ ಕಲೀತೀನಿ. ಇನ್ನೇನು?"

"ಸಾರು ಹಾಕಿ. ಬಿಸಿ ಉಂಟಾ?"

"ಉಂಟು," ಎಂದ ಶ್ರೀವತ್ಸ, ಅವಳ ಊರಿನ ಮಾತಿನಲ್ಲೇ.